ಸುಬೇದಾರ್ ಉತ್ತಯ್ಯನವರ ರೈಫಲ್ ಪ್ರತಾಪ

ಆಲಿಸಿರಿ, ಸಜ್ಜನರೇ. ಕೊಡಗಿನ ಗದ್ದೆಗಳಲ್ಲಿ ನಾಟಿ ಮುಗಿದು, ಬಗ್ಗಿದ ಬೆನ್ನುಗಳೆಲ್ಲ ತುಸು ನೆಟ್ಟಗಾಗಿದ್ದ ಕಾಲವದು. ಕೋವಿ ಕತ್ತಿಗಳಿಗೆ ಪೂಜೆ ಸಲ್ಲುವ ಕೈಲ್‌ಮುಹೂರ್ತದ ಹಬ್ಬಕ್ಕೆ ಮೂರೇ ದಿನ ಉಳಿದಿತ್ತು. ಆಗ, ಇಪ್ಪತ್ತನಾಲ್ಕು ಸಂವತ್ಸರ ಸೈನ್ಯದ ಉಗ್ರಾಣವನ್ನು ಕಾಯ್ದ, ಲಕ್ಷ ಕಂಬಳಿಗಳನ್ನು ಎಣಿಸಿಯೂ ದಣಿಯದ, ಬೂಟುಜೋಡಿಗಳ ಏಕಚ್ಛತ್ರಾಧಿಪತಿಯಾದ ನಿವೃತ್ತ ಸುಬೇದಾರ್ ಉತ್ತಯ್ಯನವರು ಕೈಗೊಂಡ ಘನಕಾರ್ಯವನ್ನು ಹೇಳುವೆನು. ವಾಗ್ದೇವಿಯು ನನ್ನ ನಾಲಿಗೆಯಲ್ಲಿ ನೆಲಸಲಿ. ಅವಳಿಗೆ ಬಿಡುವಿಲ್ಲವೆಂದರೆ ನಾನೇ ಹೇಗೋ ಸುಧಾರಿಸುವೆನು.

ಯುದ್ಧಕ್ಕೆ ಕಾರಣ ಒಂದು ತೆಂಗಿನಕಾಯಿ. ಹಬ್ಬದ ದಿನ ಊರ ಮೈದಾನದ ಎತ್ತರದ ಮರಕ್ಕೆ ಕಾಯಿ ಕಟ್ಟಿ, ದೂರದಲ್ಲಿ ಎಳೆದ ಗೆರೆಯ ಮೇಲೆ ನಿಂತು ಗುಂಡು ಹೊಡೆಯುವುದು ಅಲ್ಲಿಯ ರೂಢಿ. ಹನ್ನೊಂದು ವರ್ಷಗಳಿಂದ ಉತ್ತಯ್ಯನವರು ಆ ಕಾಯಿಯತ್ತ ಗುಂಡು ಹಾರಿಸಿದ್ದರು. ಹನ್ನೊಂದು ವರ್ಷವೂ ಕಾಯಿ ಕದಲಿರಲಿಲ್ಲ. ಪ್ರತಿಸಲವೂ ಅವರು ಅಜ್ಜನ ಕಾಲದ ಮನೆಯ ಕೋವಿಯನ್ನು ದೂರಿದ್ದರು. ಕಳೆದ ವರ್ಷ ಅವರ ಹೆಂಡತಿಯ ತಮ್ಮ, ಆರು ವರ್ಷಗಳಿಂದ ಕಾಯಿ ಒಡೆಯುತ್ತ ಬಂದಿದ್ದ ತೀಕ್ಷ್ಣನೇತ್ರ ಬೆಳ್ಯಪ್ಪ, ಊರೆಲ್ಲ ಕೇಳುವಂತೆ ಹೇಳಿದನು:

“ಪಾಪ, ಕೋವೀನ ಯಾಕೆ ಬೈತೀರಿ ಬಾವ? ಅದು ತೋರಿಸಿದ ಕಡೆಗೇ ಹೋಗ್ತದೆ. ತೆಂಗಿನಕಾಯಿಗೂ ಈಗ ನಿಮ್ಮ ಪರಿಚಯ ಆಗಿಬಿಟ್ಟಿದೆ, ನಿಮ್ಮನ್ನ ಕಂಡ್ರೆ ಹೆದರೋದೇ ಇಲ್ಲ!”

ಮೈದಾನ ನಕ್ಕಿತು. ಉತ್ತಯ್ಯನವರ ಬಿಳಿಮೀಸೆ ಕಂಪಿಸಿತು.

“ಕೇಳಿರಿ, ಊರವರೇ!” ಎಂದು ಅವರು ಗರ್ಜಿಸಿದರು. “ಈ ಮುದಿ ಕೋವಿಯನ್ನು ಇಂದಿನಿಂದ ನಾನು ಮುಟ್ಟೆನು. ಬರುವ ವರ್ಷ ಸೈನ್ಯದ ರೈಫಲ್ ಹಿಡಿದು ಇಲ್ಲಿ ನಿಲ್ಲುವೆನು. ಒಳ್ಳೆಯ ಆಯುಧ ಕೈಯಲ್ಲಿದ್ದೂ ಗುರಿ ತಪ್ಪಿದರೆ, ಬದುಕಿರುವವರೆಗೆ ಈ ಗೆರೆಯ ಮೇಲೆ ಕಾಲಿಡೆನು!”

ಊರವರು ಚಪ್ಪಾಳೆ ತಟ್ಟಿದರು. ಅವರ ಹೆಂಡತಿ ಚೋಂದವ್ವ ಮಾತ್ರ ತಟ್ಟಲಿಲ್ಲ. ವರ್ಷವಿಡೀ ಆ ಗೆರೆಯ ಮಾತನ್ನೇ ಆಡುವ ಗಂಡ ಅದನ್ನು ಬಿಟ್ಟು ಹೇಗಿದ್ದಾರು ಎಂಬುದು ಅವರ ಚಿಂತೆಯಾಗಿತ್ತು.

ಹೀಗಾಗಿ, ಈ ವರ್ಷದ ಹಬ್ಬಕ್ಕೆ ಮೂರು ದಿನವಿರುವಾಗ ನಮ್ಮ ವೀರರು ಮೈಸೂರಿನ ಒಂದು ಹರಾಜು ಸಾಮಾನಿನ ಅಂಗಡಿಗೆ ದಂಡಯಾತ್ರೆ ಹೋದರು. ಅಲ್ಲಿ, ತುಕ್ಕು ಹಿಡಿದ ಟ್ರಂಕುಗಳ ನಡುವೆ, ಕಂದು ಗ್ರೀಸಿನಲ್ಲಿ ಆಪಾದಮಸ್ತಕ ಮುಳುಗಿ, ಎಣ್ಣೆಕಾಗದ ಹೊದ್ದು, ಸೈನ್ಯ ಬಳಸಿ ಬಿಟ್ಟ ರೈಫಲೊಂದು ಯೋಗನಿದ್ರೆಯಲ್ಲಿತ್ತು.

“ಸಾರ್, ಇದರ ಬಗ್ಗೆ ಒಂದು ಮಾತು ಹೇಳ್ಬೇಕು,” ಎಂದನು ಅಂಗಡಿಯವನು.

“ಸೈನ್ಯದ ರೈಫಲ್ ಬಗ್ಗೆ ನೀನು ನನಗೆ ಹೇಳ್ತೀಯಾ?” ಎಂದರು ಸುಬೇದಾರರು. “ಇಂಥ ಸಾವಿರ ರೈಫಲ್ ಈ ಕೈಯಿಂದ ಹಾದುಹೋಗಿವೆ.”

ಅದು ಸುಳ್ಳಲ್ಲ. ಅವರು ಅವನ್ನು ಎಣಿಸಿದ್ದರು, ಸಹಿ ಹಾಕಿಸಿಕೊಂಡು ಕೊಟ್ಟಿದ್ದರು, ಸಹಿ ಹಾಕಿ ವಾಪಸು ಪಡೆದಿದ್ದರು. ಅಂಗಡಿಯವನು ಇನ್ನೆರಡು ಸಲ ಬಾಯಿ ತೆರೆದು ನೋಡಿದನು. ಕೊನೆಗೆ ಹಿರಿಯರ ಸಂತೋಷವನ್ನು ಕೆಡಿಸಲಾರದೆ, ದಾರಿಯಲ್ಲಿ ಗ್ರೀಸು ಬಟ್ಟೆಗೆ ತಾಗದಂತೆ ರೈಫಲ್ಲಿಗೆ ತನ್ನದೇ ಗೋಣಿಯೊಂದನ್ನು ಸುತ್ತಿಕೊಟ್ಟನು.

ಹಬ್ಬದ ಹಿಂದಿನ ದಿನ ಬಚ್ಚಲುಮನೆಯಲ್ಲಿ ಮಹಾಪ್ರಕ್ಷಾಲನ ಕಾಂಡವು ಆರಂಭವಾಯಿತು. ಬಚ್ಚಲಬಾಗಿಲ ರಕ್ಷಕಿ, ತಾಮ್ರದ ಹಂಡೆಯ ಪರಮಾಧಿಕಾರಿಣಿ ಚೋಂದವ್ವ ಸೆರಗು ಬಿಗಿದು ಅಡ್ಡ ನಿಂತರು.

“ನನ್ನ ಹಂಡೆಗೆ ಆ ಜಿಡ್ಡು ತಾಗಿದ್ರೆ ನಿಮ್ಮನ್ನೇ ಅದರಲ್ಲಿ ಬೇಯಿಸ್ತೇನೆ ನೋಡಿ.”

“ಎಲೌ ವೀರಪತ್ನಿಯೇ, ದೇಶ ಕಾಯ್ದ ಆಯುಧವಿದು!”

“ದೇಶ ಕಾಯ್ಲಿ. ನಾಳೆ ಸ್ನಾನಕ್ಕೆ ನೀರು ಯಾರು ಕಾಯಿಸ್ತಾರೆ?”

ಹೀಗೆಂದವರೇ ಒಳಗೆ ಹೋಗಿ, ತೊಳೆದು ತೊಳೆದು ಮೆತ್ತಗಾಗಿದ್ದ ತಮ್ಮ ಹತ್ತಿಯ ಸೀರೆಯೊಂದನ್ನು ತಂದು ಉದ್ದುದ್ದಕ್ಕೆ ಹರಿದುಕೊಟ್ಟರು. ಉತ್ತಯ್ಯನವರು ಆ ಚಿಂದಿಯನ್ನು ಹಗ್ಗದ ತುದಿಗೆ ಕಟ್ಟಿ, ನಳಿಗೆಯೊಳಗೆ ಇಳಿಬಿಟ್ಟು, ಇನ್ನೊಂದು ತುದಿಯಿಂದ ಎಳೆದರು. ಗ್ರೀಸು ಬಂತು. ಮತ್ತೆ ಎಳೆದರು. ಮತ್ತಷ್ಟು ಗ್ರೀಸು ಬಂತು. ಮಧ್ಯಾಹ್ನದ ಹೊತ್ತಿಗೆ ಕೆಣಕಲೆಂದು ಬಂದ ಬೆಳ್ಯಪ್ಪನೂ ಪಂಚೆ ಎತ್ತಿ ಕಟ್ಟಿ ಹಗ್ಗ ಹಿಡಿದಿದ್ದನು.

“ಬಾವ, ಇದರಲ್ಲಿ ರೈಫಲ್ ಇದೆ ಅಂತ ಖಾತ್ರಿಯಾ? ಇಲ್ಲ ಬರೀ ಗ್ರೀಸನ್ನೇ ಉದ್ದಕ್ಕೆ ಕಟ್ಟಿ ಕೊಟ್ಟಿದಾನಾ?”

“ಎಳಿ, ಎಳಿ. ಮಾತು ಕಮ್ಮಿ.”

ಕೊನೆಗೆ ಚೋಂದವ್ವ ನಳಿಗೆಯ ಬಾಯಿಗೆ ಕುದಿನೀರು ಹೊಯ್ದರು. ಆಗ ಘೋರವೊಂದು ಸಂಭವಿಸಿತು. ಗುಂಡು ಕೂರುವ ಜಾಗದ ಪಕ್ಕದಲ್ಲಿ ಅಡಗಿದ್ದ ಗ್ರೀಸಿನ ಉಂಡೆ ಕರಗಿ ಬಿತ್ತು. ಅದರ ಹಿಂದೆಯೇ ಬಿಸಿನೀರು ಚಿಲ್ಲೆಂದು ಹಾರಿ ಸುಬೇದಾರರ ಮೊಣಕಾಲನ್ನು ಅಭಿಷೇಕಿಸಿತು.

“ಅಯ್ಯಯ್ಯೋ! ಇದ್ಯಾಕೆ ಪಕ್ಕದಿಂದ ಸುರೀತದೆ?” ಎಂದರು ಚೋಂದವ್ವ.

ಅಲ್ಲಿ ಕಿರುಬೆರಳು ಹೋಗುವಷ್ಟು ತೂತಿತ್ತು, ಅಚ್ಚುಕಟ್ಟಾಗಿ ಕೊರೆದದ್ದು. ಉತ್ತಯ್ಯನವರು ಸುಟ್ಟ ಕಾಲನ್ನು ಮರೆತು ಕುಕ್ಕರಿಸಿದರು. ಹೊಸದಾಗಿ ಸೇರಿದ ಜವಾನರಿಗೆ ಕವಾಯತು ಕಲಿಸಲು ಕೊಡುವ ರೈಫಲ್ ಅದು. ಗುಂಡು ಹಾರಬಾರದೆಂದೇ ಸೈನ್ಯ ಅದರ ನಳಿಗೆಯನ್ನು ತೂತು ಮಾಡಿರುತ್ತದೆ. ಹೆಗಲ ಮೇಲೆ ಹೊರಲಿಕ್ಕೆ ಮಾತ್ರ ಉಪಯೋಗ. ಇಂಥವನ್ನೂ ಅವರು ನೂರಾರು ಎಣಿಸಿದ್ದರು.

ಬೆಳ್ಯಪ್ಪ ತೂತನ್ನು ಕಂಡನು. ಬಾವನ ಮುಖವನ್ನೂ ಕಂಡನು. ಒಂದು ವರ್ಷಕ್ಕೆ ಸಾಲುವಷ್ಟು ನಗೆ ಅವನ ಗಂಟಲಲ್ಲಿತ್ತು. ಅವನು ಅದನ್ನು ನುಂಗಿ, ಚಿಂದಿಯಿಂದ ತೂತನ್ನು ಮುಚ್ಚಿದನು.

“ಹೊಸ ಆಯುಧಕ್ಕೆ ಮೊದಲ ವರ್ಷ ಬರೀ ಪೂಜೆ ಬಾವ. ಗುಂಡು ಹಾರಿಸೋ ಹಾಗಿಲ್ಲ. ಹಿರಿಯರು ಹೇಳ್ತಿದ್ರು.”

“ಯಾವ ಹಿರಿಯರು?”

“ಈಗ ಯಾರೂ ಇಲ್ಲ, ಎಲ್ಲ ತೀರಿಹೋದ್ರು. ನಾಳೆ ನನ್ನ ಕೋವಿ ತಗೊಳ್ಳಿ.”

ಹಬ್ಬದ ದಿನ ಬಂದಿತು. ಮೈದಾನದಲ್ಲಿ ಊರು ನೆರೆಯಿತು. ಉತ್ತಯ್ಯನವರು ಊರಲ್ಲೇ ಉತ್ತಮವೆಂದು ಹೆಸರಾದ ಬೆಳ್ಯಪ್ಪನ ಕೋವಿಯನ್ನು ಹಿಡಿದು ಗೆರೆಯ ಮೇಲೆ ನಿಂತರು, ಉಸಿರು ಬಿಗಿಹಿಡಿದರು, ಕುದುರೆ ಎಳೆದರು. ದಿಕ್ಕುಗಳು ಮೊಳಗಿದವು. ಹೊಗೆ ತಿಳಿಯಾದಾಗ ಕಾಯಿ ಸುಖವಾಗಿ ತೂಗಾಡುತ್ತಿತ್ತು.

ಪ್ರತಿಜ್ಞೆ ಎಲ್ಲರಿಗೂ ನೆನಪಿತ್ತು. ಉತ್ತಯ್ಯನವರು ಮೆಲ್ಲನೆ ಒಂದು ಪಾದವನ್ನು ಗೆರೆಯಿಂದ ಹಿಂದಕ್ಕೆಳೆದರು.

“ತಪ್ಪು ನಂದು!” ಎಂದು ಬೆಳ್ಯಪ್ಪ ಕೂಗಿದನು. “ನಿನ್ನೆ ಮೆಟ್ಟಿಲ ಮೇಲೆ ಕೋವಿ ಬೀಳಿಸಿಬಿಟ್ಟೆ. ಗುರಿ ನೋಡೋ ಮುಳ್ಳು ಓರೆಯಾಗಿದೆ. ಬಾವನಿಗೆ ಹೇಳೋಕೆ ನಾಚಿಕೆಯಾಯ್ತು.”

ಹೆಂಗಸರು ಬಾಯಿಗೆ ಸೆರಗು ಹಿಡಿದರು. ಹಬ್ಬದ ಹಿಂದಿನ ದಿನ ಕೋವಿಯನ್ನು ನೆಲಕ್ಕೆ ಬೀಳಿಸುವುದೇ! ಹಿರಿಯರೊಬ್ಬರು ಕೇಳಿಯೇಬಿಟ್ಟರು: “ಓರೆಯಾಗಿದ್ರೆ ಎಲ್ಲಿ, ನೀನೇ ಹೊಡಿ ನೋಡೋಣ.”

ಆರು ವರ್ಷಗಳ ಅಜೇಯನು ಕೋವಿ ಎತ್ತಿದನು. ಬಹಳ ಹೊತ್ತು ಗುರಿ ನೋಡಿದನು. ಗುಂಡು ಕಾಯಿಯಿಂದ ಮಾರು ದೂರದಲ್ಲಿ ಹಾದು, ಪಕ್ಕದ ಮರದ ಗಿಳಿಗಳನ್ನು ಎಬ್ಬಿಸಿತು. ಮೈದಾನ ಕಳೆದ ವರ್ಷಕ್ಕಿಂತ ಜೋರಾಗಿ ನಕ್ಕಿತು. ಆಮೇಲೆ ಅಂಚೆ ಕಚೇರಿಯ ದೇಚಮ್ಮ ಬಂದು ತನ್ನ ಕೋವಿಯಿಂದ ಒಂದೇ ಏಟಿಗೆ ಕಾಯಿ ಒಡೆದಳು.

ಊಟಕ್ಕೆ ಕೂತಾಗ ಉತ್ತಯ್ಯನವರ ಬೆನ್ನು ಮತ್ತೆ ನೆಟ್ಟಗಾಗಿತ್ತು. ಕಡುಬನ್ನು ಹಂದಿಸಾರಿನಲ್ಲಿ ಅದ್ದುತ್ತ ಅವರು ಗಂಭೀರವಾಗಿ ನುಡಿದರು:

“ಆಯುಧವನ್ನ ಹಾಗೆಲ್ಲ ಬೀಳಿಸಬಾರದು ಬೆಳ್ಯಪ್ಪ. ಸೈನ್ಯದಲ್ಲಾಗಿದ್ರೆ ಏಳು ದಿನ ಶಿಕ್ಷೆ. ಬರೋ ವರ್ಷ ಸರಿಯಾದ ಕೋವಿ ಕೊಡು ನನಗೆ.”

“ತಪ್ಪಾಯ್ತು ಬಾವ.”

ಚೋಂದವ್ವ ಪಾತ್ರೆಯನ್ನು ಕೆದಕಿ, ಎಲ್ಲಕ್ಕಿಂತ ದೊಡ್ಡ ತುಂಡನ್ನು ಹುಡುಕಿ ತಮ್ಮನ ಎಲೆಗೆ ಹಾಕಿದರು. ಮತ್ತೊಂದನ್ನೂ ಹಾಕಿದರು.

“ಅವನಿಗ್ಯಾಕೆ ಅಷ್ಟೊಂದು?” ಎಂದರು ಸುಬೇದಾರರು.

“ಕೋವಿ ಕೈಯಿಂದ ಜಾರ್ತದಂತೆ. ತಿಂದು ಗಟ್ಟಿಯಾಗ್ಲಿ,” ಎಂದರು ಚೋಂದವ್ವ. ಬೆಳ್ಯಪ್ಪ ತಲೆ ಎತ್ತದೆ ಉಂಡನು.