ಕಾಗದದ ಮದುವೆಯ ಮಾದಲಿ

ನನ್ನ ನೆಗೆಣ್ಣಿಗೆ ಗಂಡಂದಿರು ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ ನಾನು ಹೇಳಲಾರೆ! ಹಿರಿಯರು ನೋಡಿ ಮಾಡಿದವನು ಒಬ್ಬ, ನನ್ನ ಮೈದುನ. ಮಿಕ್ಕವರೆಲ್ಲ ಕುದುರೆ ಮೇಲೆ ಬಂದವರು. ಅವರಲ್ಲಿ ಒಬ್ಬನಿಗೂ ನೆಟ್ಟಗೆ ಬಾಗಿಲಿನಿಂದ ಬರುವುದು ಗೊತ್ತಿಲ್ಲ. ಕೋಟೆ ಹತ್ತುತ್ತಾರೆ, ಕಂದಕ ಈಜುತ್ತಾರೆ, ಕಿಟಕಿ ಹಾರುತ್ತಾರೆ. ಎಲ್ಲರಿಗೂ ಎದೆ ಅಗಲ, ಸೊಂಟ ಸಣ್ಣ. ಇಂಥ ಗಂಡಸನ್ನು ನಾನು ಇಳಕಲ್ಲಿನಲ್ಲಿ ಇಷ್ಟು ವರ್ಷದಲ್ಲಿ ಒಬ್ಬನನ್ನೂ ನೋಡಿಲ್ಲ. ನಿಮ್ಮೂರಲ್ಲಿ ಇದ್ದಾರೇನು?

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಹೆಸರಿನ ಮುಂದೆ ‘ಮಹಾರಾಣಿ’ ಎಂದು ಸೇರಿಸು ಅನ್ನುತ್ತಾಳೆ. ನಾನು ಓದಿದ್ದು ಮೂರನೇ ಇಯತ್ತೆ. ಕಾಗುಣಿತವನ್ನು ಮೊಮ್ಮಗಳು ತಿದ್ದಿದ್ದಾಳೆ, ಬೈಗುಳಗಳು ನನ್ನವೇ.

ಮೈದುನನ ವಿಷಯವನ್ನೂ ಈಗಲೇ ಹೇಳಿ ಮುಗಿಸುತ್ತೇನೆ. ಮದುವೆಯಾದ ಮೂರನೇ ವರ್ಷ, ಸೊಲ್ಲಾಪುರದ ಗಿರಣಿಯಲ್ಲಿ ಕೆಲಸ ಇದೆಯಂತೆ, ನೋಡಿಕೊಂಡು ಬರುತ್ತೇನೆ ಎಂದು ಹೋದ. ಇನ್ನೂ ಬರುತ್ತಿದ್ದಾನೆ.

ಆಯಿತು, ಮುಗಿಯಿತು.

ನೆಗೆಣ್ಣಿಯ ತವರು ಬಾಗಲಕೋಟೆ, ಈಗ ಹಿನ್ನೀರಿನಲ್ಲಿ ಮುಳುಗಿರುವ ಹಳೇ ಪೇಟೆಯ ಕಡೆ. ಏಳನೇ ಇಯತ್ತೆ ಪಾಸಾದವಳು. ಮದುಮಗಳಾಗಿ ಬಂದಾಗ ಅವಳ ಹಿಂದೆ ಒಂದು ಕಬ್ಬಿಣದ ಟ್ರಂಕು ಬಂತು. ಅದನ್ನು ಇಳಿಸಲು ಇಬ್ಬರು ಗಂಡಸರು ಬೇಕಾದರು. ನಮ್ಮ ಅತ್ತೆಯ ಮುಖ ಅರಳಿತು. ನನಗೆ ಬಾಗಿಲಿನ ಅಗಳಿ ಹಾಕಲು ಹೇಳಿ, ತಾವೇ ಟ್ರಂಕು ತೆಗೆದರು. ಒಳಗೆ ಬರೀ ಪುಸ್ತಕ! ಅತ್ತೆ ತಳದವರೆಗೂ ಕೈಯಾಡಿಸಿ ನೋಡಿದರು.

“ಯವ್ವಾ, ಬಂಗಾರ ಎಲ್ಲೈತಿ?”

“ಎಲ್ಲಾ ಬಂಗಾರದಂಥವೇ ಅದಾವ್ರಿ ಅತ್ತಿ. ಯಾವುದು ಓದ್ಲಿ ಹೇಳ್ರಿ?”

ಅತ್ತೆ ಮೂರು ದಿನ ಅವಳೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಹುಣಸೆಹಣ್ಣು ಬಿಡಿಸುತ್ತಾ ಕುಳಿತವರು ಸಿಟ್ಟಿನಿಂದಲೇ ಕೇಳಿದರು: “ಆ ಹುಡುಗಿನ್ನ ನಿನ್ನೆ ಕಾಡಿನ್ಯಾಗ ಬಿಟ್ಟು ಪುಸ್ತಕ ಮುಚ್ಚಿದೆಲ್ಲ, ಮುಂದೇನಾತು?”

ಅಂದರೆ ಮಾತು ಬಿಟ್ಟಿದ್ದರೇ ಹೊರತು ಕಿವಿ ಬಿಟ್ಟಿರಲಿಲ್ಲ!

ನಮ್ಮದು ಮಗ್ಗದ ಮನೆ. ಇಳಕಲ್ಲ ಸೀರೆಯ ಒಡಲು ಬೇರೆ, ಸೆರಗು ಬೇರೆ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಪ್ರತಿ ಸೀರೆಗೂ ಇದೇ ಕೆಲಸ, ಸಾವಿರಗಟ್ಟಲೆ ಎಳೆ. ಮಗ್ಗಕ್ಕೆ ಕೂಡುವವರು ನಮ್ಮ ಮನೆಯವರು, ಕೊಂಡಿ ಹಾಕುವವರು ನಾವಿಬ್ಬರು. ಇವಳು ಪುಸ್ತಕವನ್ನು ಮೊಣಕಾಲ ಕೆಳಗೆ ಒತ್ತಿಟ್ಟುಕೊಂಡು, ಬಾಯಲ್ಲಿ ಕಥೆ, ಕೈಯಲ್ಲಿ ಎಳೆ. ಒಮ್ಮೆ ಮಗ್ಗದಿಂದ ನಮ್ಮ ಮನೆಯವರು ಕೂಗಿದರು.

“ಇಲ್ಲೆ ಹತ್ತು ಎಳಿ ಬಿಟ್ಟೀರಿ! ಸೆರಗು ಬಾಯಿ ತಗದು ಕುಂತೈತಿ. ಏನಾಗಿತ್ತು ನಿಮಗ?”

ಅವಳು ತಲೆಯ ಮೇಲಿನ ಸೆರಗು ಎಳೆದುಕೊಂಡು ಹೇಳಿದಳು: “ಅಲ್ಲೆ ರಾಜಕುಮಾರಗ ಬಾಣ ನಟ್ಟಿತ್ರಿ ಭಾವಾ.”

ಅವರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಸೆರಗನ್ನು ನೋಡಿದರು. ಅಂದಿನಿಂದ ಪ್ರತಿ ಸೀರೆಯನ್ನು ಮಗ್ಗಕ್ಕೆ ಏರಿಸುವ ಮುಂಚೆ ಕೇಳುವುದು ರೂಢಿಯಾಯಿತು: “ಇದರಾಗ ಯಾರಿಗೂ ಬಾಣ ಬಿದ್ದಿಲ್ಲಲಾ?”

ನನಗೆ ತಿಳಿಯದ ಮಾತು ಒಂದಿದೆ, ಇವತ್ತಿಗೂ ತಿಳಿದಿಲ್ಲ. ಎಲ್ಲ ಪುಸ್ತಕದಲ್ಲೂ ಅದೇ ಕೋಟೆ, ಅದೇ ಬೆಳದಿಂಗಳು, ಅದೇ ಹುಡುಗಿ. ಅಪ್ಪ ಒಲ್ಲೆ ಅನ್ನುತ್ತಾನೆ, ಸೇನಾಪತಿ ಮೋಸ ಮಾಡುತ್ತಾನೆ, ಕೊನೆಗೆ ಇಬ್ಬರೂ ಕೂಡುತ್ತಾರೆ. ಏಳು ದಿನ ಕಾಡಿನಲ್ಲಿ ಓಡುತ್ತಾರಲ್ಲ, ಆ ಕುದುರೆಗೆ ನೀರು ಇಟ್ಟವರು ಯಾರು? ಅವಳು ಜಳಕ ಮಾಡಿದ್ದು ಎಲ್ಲಿ? ಇದನ್ನು ಯಾವ ಪುಸ್ತಕವೂ ಬರೆಯುವುದಿಲ್ಲ! ಒಮ್ಮೆ ಕೇಳಿಯೇ ಬಿಟ್ಟೆ.

“ಕಡೀಕ ಮದುವಿ ಆಗ್ತೈತಂತ ಗೊತ್ತೈತಿ. ಮತ್ತ ಯಾಕ ಓದ್ತಿ?”

“ರೊಟ್ಟಿ ದುಂಡಗಿರ್ತೈತಂತ ನಿನಗ ಗೊತ್ತೈತಿ. ಮತ್ತ ದಿನಾ ಯಾಕ ತಿಂತಿ?”

“ಹಸಿವಾಗ್ತೈತಿ, ತಿಂತೇನಿ.”

“ನನಗೂ ಹಸಿವಾಗ್ತೈತಿ.”

ಎಲ್ಲಿ ಹಸಿವಾಗುತ್ತದೆ? ಹೊತ್ತು ಹೊತ್ತಿಗೆ ನನ್ನಷ್ಟೇ ಉಣ್ಣುತ್ತಾಳೆ. ನಾನು ಯೋಚಿಸಿ ಯೋಚಿಸಿ ಆ ದಿನ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ.

ಇವಳ ನಿಜವಾದ ಹುಚ್ಚು ಇರುವುದು ಕೊನೆಯ ಅಧ್ಯಾಯದಲ್ಲಿ. ಅದನ್ನು ಮಾತ್ರ ಕೆಲಸದ ನಡುವೆ ಓದುವುದಿಲ್ಲ. ಅದು ಮದುವೆಯ ಅಧ್ಯಾಯವಲ್ಲವೇ? ಆ ದಿನ ಬೆಳಿಗ್ಗೆ ತಲೆಗೆ ಎರೆದುಕೊಂಡು, ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು, ಮದುವೆ ಮನೆಯಲ್ಲಿ ಮಾಡುವಂತೆ ಗೋದಿ ಬೆಲ್ಲದ ಮಾದಲಿ ಮಾಡುತ್ತಾಳೆ. ಚಾಪೆ ಹಾಸಿ ಕುಳಿತು ಕೊನೆಯ ಅಧ್ಯಾಯ ಓದಿ ಮುಗಿಸಿ, ಕಣ್ಣೊರೆಸಿಕೊಂಡು, ಮಾದಲಿಗೆ ತುಪ್ಪ ಹಾಲು ಹಾಕಿ ಓಣಿಗೆಲ್ಲ ಹಂಚುತ್ತಾಳೆ. ಹೊಸದಾಗಿ ಬಂದ ಪಕ್ಕದ ಮನೆಯವಳು ಕೇಳಿದಳು: “ಯಾರ ಮದುವೀರಿ?” ಇವಳು ಯಾವುದೋ ಯುವರಾಜನ ಹೆಸರು ಹೇಳಿದಳು. ಆಕೆ ಪಾಪ, ಮರುದಿನ ಉಡುಗೊರೆಗೆಂದು ಒಂದು ಸ್ಟೀಲಿನ ಡಬ್ಬಿ ತಂದುಕೊಟ್ಟಳು! ಆ ಡಬ್ಬಿಯಲ್ಲಿ ಈಗ ನಮ್ಮ ಸಾಸಿವೆ ಇದೆ. ಯಾವುದೋ ಕಥೆಯಲ್ಲಿ ನಾಯಕ ಸತ್ತ ದಿನ ಮಾತ್ರ ಇವಳು ಒಲೆಯ ಹತ್ತಿರ ಬರಲಿಲ್ಲ. ನಾನೇ ಅನ್ನ ಮಾಡಿ, ಬೈದು, ಉಣಿಸಿದೆ.

ಹೋದ ವರ್ಷ ಬಾಗಲಕೋಟೆಯ ಹಳೇ ಪುಸ್ತಕದ ಗಾಡಿಯಲ್ಲಿ ಅವಳಿಗೊಂದು ಪುಸ್ತಕ ಸಿಕ್ಕಿತು. ರಟ್ಟು ಹೋಗಿತ್ತು. ಕಥೆ ನಡೆಯುವುದು ಬಾದಾಮಿ ಕೋಟೆಯಲ್ಲಿ. ದಂಡಿಗೆ ಹೋದ ಒಬ್ಬ ಸರದಾರ, ತಿರುಗಿ ಬರುತ್ತೇನೆ ಎಂದು ಮಾತು ಕೊಟ್ಟಿರುತ್ತಾನೆ. ರಾಜನ ಮಗಳು ದಿನಾ ಸಂಜೆ ಕಿಟಕಿಯಲ್ಲಿ ದೀಪ ಇಟ್ಟು ಕಾಯುತ್ತಾಳೆ. ವರ್ಷಗಳು ಹೋಗುತ್ತವೆ. ಕೊನೆಯ ಅಧ್ಯಾಯದ ಹಿಂದಿನ ಪುಟದಲ್ಲಿ ಕೋಟೆಯ ಕೆಳಗೆ ಕುದುರೆಯ ಗೊರಸಿನ ಸದ್ದು ಕೇಳುತ್ತದೆ, ಆಕೆ ದೀಪ ಎತ್ತಿ ಹಿಡಿಯುತ್ತಾಳೆ. ಬಂದವನು ಅವನೋ, ವೈರಿಯೋ?

“ಈ ಮದುವಿ ಇಲ್ಲಿ ಆಗಂಗಿಲ್ಲ ಅಕ್ಕಾ,” ಎಂದಳು. “ಬಾದಾಮ್ಯಾಗಽ ಆಗಬೇಕು.”

ಮಾದಲಿಯ ಡಬ್ಬಿ, ಪುಸ್ತಕ, ನಾನು, ಮೂವರೂ ಅವಳ ಹಿಂದೆ ಬಸ್ಸು ಹತ್ತಿದೆವು. ಬಾದಾಮಿಯ ಹೊಂಡದ ದಂಡೆಯಲ್ಲಿ ಒಬ್ಬ ಗೈಡು ಪ್ರವಾಸಿಗರಿಗೆ ಕಲ್ಲು ತೋರಿಸುತ್ತಿದ್ದ. ಇವಳು ಹೋಗಿ ಕೇಳಿದಳು: “ಆಕಿ ದೀಪಾ ಇಡೂ ಕಿಟಕಿ ಯಾವುದ್ರಿ?”

“ಅಂಥಾ ಕಿಟಕಿ ಇಲ್ಲಿ ಯಾವುದೂ ಇಲ್ರಿ ಅಮ್ಮಾರ.”

“ನೀವು ಈ ಕೆಲಸಕ್ಕ ಸೇರಿ ಎಷ್ಟು ವರ್ಷಾತು?”

“ಹನ್ನೆರಡ್ರಿ.”

“ಹಂಗಾರ ನಿಮಗ ಹೆಂಗ ಗೊತ್ತಾಗಬೇಕು? ಅದು ಅದಕ್ಕೂ ಹಿಂದಿನ ಕಿಟಕಿ.”

ಗೈಡು ನನ್ನ ಕಡೆ ನೋಡಿದ. ನಾನು ನೀರಿನ ಕಡೆ ನೋಡಿದೆ. ಅಷ್ಟರಲ್ಲಿ ಇಬ್ಬರು ಪ್ರವಾಸಿಗರು ಗೈಡನನ್ನು ಬಿಟ್ಟು ಇವಳ ಹಿಂದೆ ಬಂದರು. ಇವಳು ಅವರಿಗೆ ಬಂಡೆಯ ಮೇಲಿನ ಒಂದು ಸಂದು ತೋರಿಸಿ, ಅದೇ ಕಿಟಕಿ ಎಂದು ಕೈಮುಗಿಸಿದಳು!

ಆಮೇಲೆ ಮೆಟ್ಟಿಲ ಮೇಲೆ ಕುಳಿತು, ಸೆರಗು ಸರಿಮಾಡಿಕೊಂಡು, ಪುಸ್ತಕವನ್ನು ಮಾದಲಿಯ ಡಬ್ಬಿಯ ಮೇಲಿಟ್ಟು ಕನ್ನಡಕ ಒರೆಸಿಕೊಂಡಳು. ಅಷ್ಟೇ. ಬಾದಾಮಿಯ ಕೋತಿಗಳು ನಿಮಗೆ ಗೊತ್ತಲ್ಲ! ಒಂದು ಮುದಿ ಕೋತಿ ಎರಡನ್ನೂ ಎತ್ತಿಕೊಂಡು ಬಂಡೆ ಹತ್ತಿತು. ಮಾದಲಿಯನ್ನು ಬಾಯ್ತುಂಬ ತಿಂದಿತು. ಪುಸ್ತಕದ ಕೊನೆಯ ಹಾಳೆಗಳನ್ನು ಒಂದೊಂದಾಗಿ ಕಿತ್ತು ನೋಡಿ, ಕಥೆ ಸೇರಲಿಲ್ಲವೇನೋ, ಹೊಂಡಕ್ಕೆ ಬಿಟ್ಟಿತು. ಉಳಿದ ಪುಸ್ತಕವನ್ನು ನಮ್ಮ ಮೇಲೆ ಒಗೆಯಿತು. ನಾನು ನಕ್ಕೆ. ಸುಳ್ಳೇಕೆ ಹೇಳಲಿ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಸ್ಸಿನಲ್ಲಿ ಕಮತಗಿ ದಾಟುವ ತನಕವೂ ಅವಳು ಉಳಿದ ಪುಸ್ತಕದ ಮುದುಡಿದ ಹಾಳೆಗಳನ್ನು ನೇರ ಮಾಡುತ್ತಿದ್ದಳು. ಆಮೇಲೆ ಒಂದೇ ಮಾತು: “ಕೋತಿಗಷ್ಟ ಗೊತ್ತಾತು ನೋಡು ಅಕ್ಕಾ, ಯಾರು ಬಂದ್ರಂತ.”

ಈ ವರ್ಷ ಅವಳ ಕಣ್ಣು ಕೈಕೊಟ್ಟಿತು. ಎಳೆ ಎರಡೆರಡಾಗಿ ಕಾಣುತ್ತವೆ ಎಂದಳು, ಆಮೇಲೆ ಕಾಣುವುದೇ ಇಲ್ಲ ಎಂದಳು. ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಚಿಕ್ಕ ವಯಸ್ಸಿನವರು, ಮುಚ್ಚುಮರೆ ಮಾಡಲಿಲ್ಲ. ಎಡಗಣ್ಣು ಹೋಗಿದೆ, ಬಲಗಣ್ಣಿಗೆ ಬೇಗ ಆಪರೇಶನ್ ಆಗಬೇಕು, ತಡ ಮಾಡಿದರೆ ಅದೂ ಹೋಗುತ್ತದೆ, ಮಾಡಿದರೂ ಈಗಿನಷ್ಟಾದರೂ ಕಾಣುತ್ತದೆ ಎಂದು ಮಾತು ಕೊಡಲಾರೆ ಎಂದರು.

ಮನೆಗೆ ಬಂದು ಇವಳು ಹಟ ಹಿಡಿದಳು. “ಆ ಕಡೀ ಅಧ್ಯಾಯ ಓದೂತನಕ ನಾ ಆಪರೇಶನ್ ಒಲ್ಲೆ. ಆಮ್ಯಾಲೆ ಕಾಣದಿದ್ರ? ಇರೂ ಕಣ್ಣಿನಾಗ ಅಷ್ಟು ಓದಿ ಹೋಗ್ತೇನಿ.”

ಕೇಳಿದಿರಾ? ಕಣ್ಣು ಹೋಗುತ್ತಿರುವಾಗ ಕಣ್ಣನ್ನು ಬಿಟ್ಟು ಕುದುರೆಯ ಚಿಂತೆ! ನಾನು ಬೈದೆ. ನಮ್ಮ ಮನೆಯವರು ಕೈಮುಗಿದರು. ಮೊಮ್ಮಗಳು ಉಳಿದ ಪುಸ್ತಕದ ಪುಟಗಳ ಫೋಟೋ ತೆಗೆದು, ಮೊಬೈಲಿನಲ್ಲಿ ಪುಸ್ತಕ ಓದುವವರ ಗುಂಪಿಗೆಲ್ಲ ಕಳಿಸಿದಳು. ಹದಿನೈದು ದಿನವಾದರೂ ಉತ್ತರವಿಲ್ಲ. ಡಾಕ್ಟರು ಕೊಟ್ಟ ತಾರೀಖಿಗೆ ನಾಲ್ಕೇ ದಿನ ಉಳಿಯಿತು.

ಮಧ್ಯಾಹ್ನ ಅವಳು ಮಲಗಿದಾಗ ಮೊಮ್ಮಗಳ ನೋಟ್‌ಬುಕ್ಕು ತೆಗೆದುಕೊಂಡು ಹಿತ್ತಲಲ್ಲಿ ಕುಳಿತೆ. ಪೆನ್ನು ಹಿಡಿದು ಎಷ್ಟು ವರ್ಷವಾಗಿತ್ತೋ! ನನ್ನ ಅಕ್ಷರ ಒಂದೊಂದೂ ಬದನೆಕಾಯಿಯಷ್ಟು. ಪುಟಕ್ಕೆ ನಾಲ್ಕು ಸಾಲು ಹಿಡಿಸುವುದೇ ಹೆಚ್ಚು. ಮೂರು ಮಧ್ಯಾಹ್ನ ಬರೆದೆ. ಮೊಮ್ಮಗಳು ಇಣುಕಿ ನೋಡಿ, “ಆಯಿ, ಏನ ಬರ್ಯಾಕತ್ತೀ?” ಎಂದು ಕೇಳಿದಳು. ಕಿರಾಣಿ ಚೀಟಿ ಎಂದೆ. “ಕಿರಾಣಿ ಅಂಗಡ್ಯಾಗ ಕುದರಿ ಸಿಗ್ತೈತೇನ?” ಎಂದು ನಕ್ಕು ಹೋದಳು.

ನಾಲ್ಕನೆಯ ದಿನ, ಆ ಅಧ್ಯಾಯ ಓದಲು ಸಿಕ್ಕರೆ ಒಳಗೆ ಬರುತ್ತೇನೆ, ಇಲ್ಲದಿದ್ದರೆ ತಿರುಗಿ ಬಸ್ಸು ಹತ್ತುತ್ತೇನೆ ಎಂಬ ಅವಳ ಷರತ್ತಿನ ಮೇಲೆ ಅವಳನ್ನು ದವಾಖಾನೆಗೆ ಕರೆತಂದೆವು. ವಾರ್ಡಿನ ಮಂಚದ ಮೇಲೆ ಕೂಡಿಸಿ ಹಾಳೆಗಳನ್ನು ಕೈಗೆ ಕೊಟ್ಟೆ. ಅವಳು ಬಲಗಣ್ಣಿಗೆ ಹತ್ತಿರ ಹಿಡಿದಳು.

“ಇದು ಛಾಪಿಸಿದ್ದಲ್ಲ.”

“ಅಲ್ಲ. ನಾ ಬರ್ದದ್ದು. ಓದಿದ್ರ ಓದು, ಇಲ್ಲಂದ್ರ ಬಿಡು.”

ಅವಳು ಎಂದಿನಂತೆ ದನಿ ತೆಗೆದು ಓದಿದಳು. ಸಣ್ಣ ಅಕ್ಷರವಾಗಿದ್ದರೆ ಆ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ನಾನು ಬರೆದದ್ದು ಇಷ್ಟು: ಕುದುರೆ ಮೇಲೆ ಬಂದವನು ಅವನೇ. ಅವಳು ದೀಪ ಹಿಡಿದು ಕೆಳಗೆ ಬಂದಳು. ಮೊದಲು ಕುದುರೆಗೆ ನೀರು ಇಟ್ಟಳು. ಆಮೇಲೆ ಅವನಿಗೆ ಕಾಲು ತೊಳೆದುಕೋ ಅಂದಳು. ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದಳು. ಅವನು ಐದು ರೊಟ್ಟಿ ತಿಂದ. ಮರುದಿನ ಮದುವೆ ಆಯಿತು. ಮುಗಿಯಿತು.

“ರಾಜನ ಮಗಳು ರೊಟ್ಟಿ ಬಡೀತಾಳೇನ ಅಕ್ಕಾ?”

“ಮತ್ತ ಹೊಟ್ಟಿಗೇನ ಬೆಳದಿಂಗಳಾ ತಿಂತಾರ?”

ಅವಳು ಹಾಳೆ ತಿರುಗಿಸಿ ನೋಡಿದಳು. “ಇಷ್ಟ ವರ್ಷ ಎಲ್ಲಿ ಹೋಗಿದ್ದಿ ಅಂತ ಕೇಳಲಿಲ್ಲೇನ ಆಕಿ?”

“ಹಸದು ಬಂದವನ್ನ ಬಾಗಲದಾಗ ನಿಂದ್ರಿಸಿ ಕೇಳ್ತಾರೇನ? ಉಂಡಮ್ಯಾಲೆ ಕೇಳಿದಳು. ಅದನ್ನ ಬರೀಲಿಲ್ಲ, ಹಾಳಿ ಮುಗದಿತ್ತು.”

ಪಕ್ಕದ ಮಂಚದಲ್ಲಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಮುದುಕ ನಿಟ್ಟುಸಿರು ಬಿಟ್ಟ: “ಕುದರಿಗೆ ನೀರ ಇಟ್ರಲ್ಲ, ಭಾಳ ಛಲೋ ಆತು ನೋಡ್ರಿ.” ನನ್ನ ಬರವಣಿಗೆಗೆ ಸಿಕ್ಕ ಮೊದಲ ಹೊಗಳಿಕೆ ಅದು!

ನಾನು ಬೆಳಿಗ್ಗೆಯೇ ಮಾಡಿ ತಂದಿದ್ದ ಮಾದಲಿಯ ಡಬ್ಬಿ ತೆಗೆದು ವಾರ್ಡಿಗೆಲ್ಲ ಹಂಚಿದೆ. ಇವಳ ಪಾಲನ್ನು ನರ್ಸು ಕಸಿದಿಟ್ಟು, ಆಪರೇಶನ್ ಆದ ಮೇಲೆ ಎಂದಳು. ಇವಳು ತಕರಾರಿಲ್ಲದೆ ಎದ್ದು, ಹಾಳೆಗಳನ್ನು ಮಡಚಿ ನನ್ನ ಕೈಗಿಟ್ಟು, ಒಳಗೆ ಹೋದಳು.

ಕಣ್ಣು ಬಂತು. ಪೂರ್ತಿ ಅಲ್ಲ, ದಪ್ಪ ಕನ್ನಡಕದಲ್ಲಿ ಬೇಕಾದಷ್ಟು. ಈಗ ಮತ್ತೆ ಕೊಂಡಿ ಹಾಕುತ್ತಾಳೆ, ಮತ್ತೆ ಎಳೆ ಬಿಡುತ್ತಾಳೆ.

ಹೋದ ವಾರ ಟಪಾಲಿನಲ್ಲಿ ಒಂದು ಕಟ್ಟು ಬಂತು. ಧಾರವಾಡದ ಯಾರೋ ಪುಣ್ಯಾತ್ಮರು ಆ ಪುಸ್ತಕದ ಪೂರ್ತಿ ಪ್ರತಿಯನ್ನು ಕಳಿಸಿದ್ದರು. ಇವಳು ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು, ದಾರ ಬಿಚ್ಚಲಿಲ್ಲ. ನನಗೋ ಕೈ ತುರಿಸುತ್ತಿತ್ತು! ಹೌದು, ನನಗೇ. ಇಷ್ಟು ವರ್ಷ ಬೈದವಳಿಗೆ ಈಗ ಯಾಕೆ ಬೇಕಾಗಿತ್ತು? ನನಗೂ ತಿಳಿಯದು.

“ತಗಿಯ ತಂಗಿ, ಕಡೀ ಅಧ್ಯಾಯ ನೋಡೂಣು. ನಾ ಬರ್ದದ್ದು ಹೌದೋ ಅಲ್ಲೋ ಗೊತ್ತಾಗ್ಲಿ.”

“ಬ್ಯಾಡ.”

“ಯಾಕ?”

“ಮದುವಿ ಆಗೇತಿ, ಮಾದಲಿ ತಿಂದೇವಿ.”

“ಒಂದ ಸಲ ನೋಡಿದ್ರ ಏನ ಗಂಟು ಹೋಗ್ತೈತಿ?”

ಅವಳು ದಾರದ ಗಂಟನ್ನು ಬೆರಳಿನಿಂದ ಸವರುತ್ತಾ, ನನ್ನ ಮುಖ ನೋಡದೆ ಕೇಳಿದಳು: “ಅದರಾಗ ಅವ ಬರದಿದ್ರ, ಅಕ್ಕಾ?”

ಹುಚ್ಚಿ, ಅದು ಪುಸ್ತಕ ಎಂದು ಬೈಯಲು ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಕಟ್ಟನ್ನು ಅವಳ ತೊಡೆಯಿಂದ ಎತ್ತಿಕೊಂಡು ಹೋಗಿ ಟ್ರಂಕಿನ ತಳಕ್ಕೆ ಇಟ್ಟು, ಮೇಲೆ ಉಳಿದ ಪುಸ್ತಕಗಳನ್ನೆಲ್ಲ ಹೇರಿ, ಮುಚ್ಚಳ ಹಾಕಿ ಬಂದೆ. ಎದುರಿಗೆ ಕುಳಿತು ಸೆರಗಿನ ಎಳೆಯ ತುದಿಯನ್ನು ಅವಳ ಕೈಗೆ ಕೊಟ್ಟೆ.

“ಬಂದಾನ,” ಎಂದೆ. “ನಾ ಬರ್ದಿಲ್ಲೇನ?”