ಶಿನಾನೋಗೆ ಬಂದ ಉಪ್ಪು

ನಮ್ಮ ಸೋದರಮಾವ ಸ್ಯಾನ್ ಹೋಸೆ ಪಕ್ಕದ ಮಿಲ್ಪಿಟಾಸಿನಲ್ಲಿದ್ದಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ! ಅಲ್ಲಿರುವುದು ಅವರ ಟೌನ್‌ಹೌಸು, ಕಾರು ಮತ್ತು ನಮ್ಮ ಅತ್ತೆ ಮಾತ್ರ. ಮಂಡ್ಯದಲ್ಲಿ ಹುಟ್ಟಿದ ಈ ಚಿಪ್ ಎಂಜಿನಿಯರು ಮೂವತ್ತು ವರ್ಷದಿಂದ ವಾಸವಾಗಿರುವುದು ಜಪಾನಿನ ಶಿನಾನೋ ಪ್ರಾಂತ್ಯದಲ್ಲಿ. ಅದು ಈಗಿನ ನಕ್ಷೆಯಲ್ಲೇ ಇಲ್ಲ, ಮಾವನ ಚರಿತ್ರೆ ಪುಸ್ತಕಗಳಲ್ಲಿ ಮಾತ್ರ ಇದೆ. ಹಾಗಾಗಿ ಅಲ್ಲಿ ಬಾಡಿಗೆಯೂ ಇಲ್ಲ, ಫ್ರೀವೇ ಟ್ರಾಫಿಕ್ಕೂ ಇಲ್ಲ.

ಆಫೀಸಿಗೆ ಹೊಸದಾಗಿ ಸೇರಿದ ಜಪಾನೀ ಮೂಲದ ಹುಡುಗನನ್ನು ಹಿಡಿದು, ನಿಮ್ಮ ಹಿರಿಯರು ಯಾವ ಪ್ರಾಂತ್ಯದವರು ಎಂದು ಕೇಳಿದರಂತೆ. ಪಾಪ, ಅವನು ಸ್ಯಾನ್ ಹೋಸೆ ಎಂದ. ಮಾವ ಬಿಡುತ್ತಾರೆಯೇ? ಅವನ ಅಜ್ಜಿಗೆ ಫೋನು ಮಾಡಿಸಿ, ಮೂಲ ಊರು ಪತ್ತೆ ಹಚ್ಚಿಸಿದರು. ಈಗ ಆ ಅಜ್ಜಿ ಮೊಮ್ಮಗನಿಗಿಂತ ಮೊದಲು ಮಾವನ ಯೋಗಕ್ಷೇಮ ವಿಚಾರಿಸುತ್ತಾರೆ! ಇಂಥ ಮಾವನನ್ನು ಕಂಡರೆ ನನಗೆ ಹೆಮ್ಮೆ.

ನಮ್ಮಪ್ಪನಿಗೆ ಮಾತ್ರ ಇದೆಲ್ಲ ಆಗದು. ಎರಡು ವರ್ಷದ ಹಿಂದೆ ಸ್ಯಾನ್ ಹೋಸೆಯ ಎವರ್‌ಗ್ರೀನ್‌ನಲ್ಲಿ ನಮ್ಮ ಗೃಹಪ್ರವೇಶ. ಮಾವ ಪಂಕ್ತಿಯಲ್ಲಿ ಕೂತು ತಮ್ಮ ಮೆಚ್ಚಿನ ಕಥೆ ಶುರು ಮಾಡಿದರು. ಶಿನಾನೋಗೆ ಸುತ್ತಲೂ ಬೆಟ್ಟ, ಕಡಲಿಲ್ಲ. ಅದನ್ನು ಆಳುವವನ ಮೇಲಿನ ಸಿಟ್ಟಿಗೆ ನೆರೆಯವರು ಉಪ್ಪು ಬರುವ ದಾರಿ ಮುಚ್ಚಿದರು. ಆಗ ಉಪ್ಪು ಕಳಿಸಿದವನು ಯಾರು? ವರ್ಷಗಟ್ಟಲೆ ಅವನೊಂದಿಗೆ ಬಡಿದಾಡಿದ ಶತ್ರುವೇ! ನನ್ನ ಯುದ್ಧ ಕತ್ತಿಯಲ್ಲಿ, ಉಪ್ಪಿನಲ್ಲಲ್ಲ ಎಂದನಂತೆ.

ಅಷ್ಟರಲ್ಲಿ ಅಪ್ಪ, "ಸತ್ತೋದ ರಾಜ್ಯದ ಪುರಾಣ ಸಾಕು, ಊಟ ಮಾಡಯ್ಯಾ" ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮಾವ ಎಲೆ ಬಿಟ್ಟು ಎದ್ದು ಹೋದರು. ಅಂದಿನಿಂದ ಭಾವ, ಭಾವಮೈದುನರಿಗೆ ಮಾತಿಲ್ಲ. ಅಮ್ಮ ಬದುಕಿದ್ದರೆ ಹೀಗಾಗಲು ಬಿಡುತ್ತಿರಲಿಲ್ಲ. ನನಗೆ ಉಳಿದಿರುವ ಹಿರಿಯರೇ ಇವರಿಬ್ಬರು, ನನ್ನ ಸಂಕಟ ಯಾರಿಗೆ ಹೇಳಲಿ?

ಕಳೆದ ಭಾನುವಾರ ಅಪ್ಪ ನಮ್ಮ ಹಿತ್ತಲಿನ ನಿಂಬೆಹಣ್ಣು ಹೆಚ್ಚಿಕೊಂಡು ಉಪ್ಪಿನಕಾಯಿಗೆ ಕೂತರು. ನೋಡಿದರೆ ಮನೆಯಲ್ಲಿ ಕಲ್ಲುಪ್ಪೇ ಇಲ್ಲ! ಪುಡಿ ಉಪ್ಪನ್ನು ಅಪ್ಪ ಮುಟ್ಟುವವರಲ್ಲ. ಯಾವ ಗ್ರೋಸರಿಯಲ್ಲಿ ಸಿಗುತ್ತದೆ ಎಂದು ಮಾವನಿಗೆ ಫೋನು ಮಾಡಿದೆ. ಯಾರಿಗೆ ಎಂದರು. ಅಪ್ಪನಿಗೆ ಎಂದೆ. ಫೋನು ಕಟ್ಟಾಯಿತು.

ಅರ್ಧ ಗಂಟೆಗೆ ಬೆಲ್ಲು. ಬಾಗಿಲು ತೆಗೆದವರು ಅಪ್ಪ, ಹೊರಗೆ ಕಲ್ಲುಪ್ಪಿನ ಚೀಲ ಹಿಡಿದ ಮಾವ! ಉಪ್ಪನ್ನು ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ನಮ್ಮಲ್ಲಿ ಯಾರೂ ಕೈಗೆ ಕೊಡುವುದಿಲ್ಲವಷ್ಟೆ. ಮಾವ ಬಗ್ಗಿ ಚೀಲವನ್ನು ನೆಲಕ್ಕಿಡಲು ಹೋದರು.

"ಕೈಗೇ ಕೊಡಯ್ಯಾ," ಎಂದರು ಅಪ್ಪ. "ಆಗೋ ಜಗಳ ಎಲ್ಲಾ ಆಗೋಗದೆ."

ಮಾವ ಕೊಟ್ಟರು. ಅಪ್ಪ ಚೀಲವನ್ನು ಎದೆಗವುಚಿಕೊಂಡು ನಿಂತರು. "ಉಪ್ಪು ಬಂದ್ಮೇಲೆ ಆ ಶಿನಾನೋದಲ್ಲಿ ಏನಾಯ್ತು?"

ಮೂವತ್ತು ವರ್ಷ ಯಾರೂ ಕೇಳದಿದ್ದರೂ ಹೇಳಿಕೊಂಡೇ ಬಂದ ನಮ್ಮ ಮಾವ, ಅವತ್ತು ಚಪ್ಪಲಿ ಕಳಚಿ ಒಳಗೆ ಬಂದು, ಹೆಚ್ಚಿದ ನಿಂಬೆಹಣ್ಣಿನ ಮುಂದೆ ಅಪ್ಪನಿಗೂ ಜಾಗ ಬಿಟ್ಟು ಕೂತರು.