ಮಲಗಿಕೊಂಡೇ ಓಡುವ ಪೊಲೀಸ

ಚಿಂತೆ ಮಾಡುವುದರಲ್ಲಿ ಶಿವಕುಮಾರಿಯದು ಎತ್ತಿದ ಕೈ. ಮಗಳು ಶ್ರೇಯಾ ಕೆಮ್ಮಿದರೆ ನ್ಯುಮೋನಿಯಾ ಎಂದು ಚಿಂತೆ. ಕೆಮ್ಮದಿದ್ದರೆ, ಪಾಪ, ಕೆಮ್ಮುವ ಶಕ್ತಿಯೂ ಉಳಿದಿಲ್ಲವೇನೋ ಎಂದು ಚಿಂತೆ! ಆದರೆ ಈ ಸಲ ಹತ್ತಿದ ಚಿಂತೆ ಅಂಥ ಚಿಲ್ಲರೆಯದಲ್ಲ. ಒಂದೂವರೆ ವರ್ಷದ ಮಗಳಿಗೆ ಅಪ್ಪನ ಗುರುತೇ ಸರಿಯಾಗಿ ಸಿಕ್ಕಿರಲಿಲ್ಲ.

ಅಪ್ಪ ಶರಣು ಮುಂಬೈ ಪೊಲೀಸ್ ಕಾನ್‌ಸ್ಟೇಬಲ್. ರಾತ್ರಿಯೆಲ್ಲ ಡ್ಯೂಟಿ, ಹಗಲೆಲ್ಲ ಗೊರಕೆ. ಹೀಗಾಗಿ ಶ್ರೇಯಾ ಖಾಕಿ ಕಂಡಲ್ಲೆಲ್ಲ "ಪಪ್ಪಾ!" ಎನ್ನತೊಡಗಿದ್ದಳು. ಘಾಟ್ಕೋಪರ್ ಸ್ಟೇಷನ್ನಿನ ಹೊರಗೆ ಮೂವರು ರಿಕ್ಷಾದವರನ್ನು ಪಪ್ಪಾ ಮಾಡಿದ್ದಾಯಿತು. ಬಸ್ ಕಂಡಕ್ಟರನ ಕಾಲು ತಬ್ಬಿಕೊಂಡು "ಪಪ್ಪಾ ಮನೀಗೆ ಬಾ" ಎಂದು ಅತ್ತಾಗ ಇಡೀ ಬಸ್ಸು ಶಿವಕುಮಾರಿಯನ್ನು ನೋಡಿದ ಬಗೆ ಇದೆಯಲ್ಲ, ಅದನ್ನು ಅವಳು ಏಳು ಜನ್ಮಕ್ಕೂ ಮರೆಯುವಂತಿಲ್ಲ!

ಗಣಪತಿ ಹಬ್ಬ ಬೇರೆ ಹತ್ತಿರ ಬಂದಿತ್ತು. ಮುಂಬೈಯ ಸಕಲ ಗಣಪತಿಗಳೂ ಮನೆಯೊಳಗೆ ಬರುವ ಹೊತ್ತಿಗೆ ಮುಂಬೈಯ ಸಕಲ ಪೊಲೀಸರೂ ಮನೆಯಿಂದ ಹೊರಗೆ. ರಜೆ ಎಂಬ ಶಬ್ದವನ್ನು ಬಾಯಿಬಿಟ್ಟು ಆಡುವುದೂ ಅಪರಾಧ.

ಅಂಥ ಹೊತ್ತಿನಲ್ಲಿ ಠಾಣೆಯವರು ಎಲ್ಲರ ಕೈಗೂ ಒಂದೊಂದು ಫಿಟ್‌ನೆಸ್ ಬ್ಯಾಂಡ್ ಕಟ್ಟಿದರು. ಪೊಲೀಸರ ಹೊಟ್ಟೆ ಕರಗಬೇಕು, ಎದೆ ಗಟ್ಟಿಯಾಗಬೇಕು ಎಂಬುದು ಘನ ಉದ್ದೇಶ. ತಿಂಗಳ ಕೊನೆಗೆ ಯಾರು ಹೆಚ್ಚು ನಡೆದಿರುತ್ತಾರೋ ಅವರಿಗೆ ಒಂದು ವಾರ ರಜೆ, ಅದೂ ಗಣಪತಿ ಹಬ್ಬದಲ್ಲೇ!

"ಫಸ್ಟ್ ನಂಬರ್ ನಮ್ಮದ!" ಎಂದು ಶಿವಕುಮಾರಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಘೋಷಿಸಿದಳು. "ಬರದಿಟ್ಕೋರಿ. ಸಾಲ್ಯಾಗ ನಾ ಒಮ್ಮಿನೂ ಸೆಕೆಂಡ್ ಬಂದಾಕಿ ಅಲ್ಲ."

"ಒಮ್ಮಿನೂ?" ಎಂದ ಶರಣು.

"ಥರ್ಡ್ ಬಂದೀನಿ. ಅದು ಬ್ಯಾರೆ ಮಾತು."

ಆದರೆ ಶರಣುವಿನ ಡ್ಯೂಟಿ ಎಂಥದ್ದು? ಕುರ್ಲಾದಲ್ಲಿ ಯಾವುದೋ ಜಗಳಕ್ಕೆ ಸಿಕ್ಕಿ ಸೀಲಾದ ಹಳೇ ಕಾರ್ಖಾನೆಯ ಗೇಟು ಕಾಯುವುದು. ಒಳಗೆ ಕಳುವಾಗುವಂಥದ್ದೇನೂ ಇರಲಿಲ್ಲ. ಇದ್ದದ್ದೆಲ್ಲ ಸೀಲ್ ಬೀಳುವ ಮೊದಲೇ ಕಳುವಾಗಿತ್ತು. ಆದರೂ ರಾತ್ರಿಯಿಡೀ ಅಲ್ಲಿ ನಿಲ್ಲಬೇಕು. ಮೊದಲ ರಾತ್ರಿಯೇ ಬ್ಯಾಂಡು ಗುರ್ರೆಂದು ನಡುಗಿ, "ತುಂಬಾ ಹೊತ್ತು ಕುಳಿತಿದ್ದೀರಿ, ಎದ್ದು ನಿಲ್ಲಿ" ಎಂದಿತು!

"ನಿಂತೇ ಇದ್ದೀನಲ್ಲೋ ಮಾರಾಯಾ, ಇನ್ನೂ ಎಷ್ಟು ಎದ್ದು ನಿಲ್ಲಲಿ?" ಎಂದು ಶರಣು ತನ್ನ ಮುಂಗೈಗೇ ಗದರಿಸಿದ. ಅದನ್ನು ಕಂಡು ಜೊತೆಯ ಕಾನ್‌ಸ್ಟೇಬಲ್ ಹೆದರಿ ನಾಲ್ಕು ಹೆಜ್ಜೆ ಆಚೆ ಸರಿದ. ಆ ನಾಲ್ಕು ಹೆಜ್ಜೆಯೂ ಅವನ ಖಾತೆಗೇ ಜಮೆಯಾದವು!

ವಾರ ಕಳೆಯಿತು. ಠಾಣೆಯ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಶರಣುವಿನ ಕೆಳಗೆ ಇದ್ದವರು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹವಾಲ್ದಾರರೊಬ್ಬರು ಮಾತ್ರ.

"ಗೇಟಿನ ಮುಂದ ಅತ್ತಿಂದಿತ್ತ ಅಡ್ಡಾಡಾಕ ಏನು ಧಾಡಿ ನಿಮಗ?" ಎಂದಳು ಶಿವಕುಮಾರಿ.

"ಅಡ್ಡಾಡಿದ್ನೆವ್ವಾ. ಸಾಹೇಬ್ರು ರೌಂಡಿಗೆ ಬಂದು, ಪಾಯಿಂಟ್ ಬಿಟ್ಟು ಎಲ್ಲಿ ಹೊಂಟೀದಿ ಅಂತ ಮೆಮೋ ಕೊಟ್ರು. ಸರ್ಕಾರ ಒಂದು ಕೈಲೆ ನಡೀ ಅಂತದ, ಇನ್ನೊಂದು ಕೈಲೆ ನಿಲ್ಲು ಅಂತದ. ನಾ ಮಲಗ್ತೀನಿ." ಎಂದವನೇ ಬ್ಯಾಂಡ್ ಬಿಚ್ಚಿ ದಿಂಬಿನ ಪಕ್ಕ ಇಟ್ಟು ಗೊರಕೆ ಶುರುಮಾಡಿದ.

ಶಿವಕುಮಾರಿ ತಲೆಯ ಮೇಲೆ ಕೈಹೊತ್ತು ಕುಳಿತಳು. ಅವಳ ಎದುರಿಗೇ ಶ್ರೇಯಾ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಮಂಚದಡಿಗೆ, ಅಲ್ಲಿಂದ ಅಜ್ಜಿಯ ಮಡಿಲಿಗೆ, ಮಡಿಲಿನಿಂದ ಮತ್ತೆ ಅಡುಗೆಮನೆಗೆ ಓಡುತ್ತಿದ್ದಳು. ಮುಂಬೈ ಲೋಕಲ್ಲಾದರೂ ಸ್ಟೇಷನ್ನಿನಲ್ಲಿ ನಿಲ್ಲುತ್ತದೆ, ಇವಳು ನಿಲ್ಲಲೊಲ್ಲಳು!

ಬ್ಯಾಂಡ್ ನೋಡಿದಳು. ಮಗಳನ್ನು ನೋಡಿದಳು. ಬ್ಯಾಂಡ್ ಮಗಳ ಕಾಲಿಗೇರಿತು.

"ಅದೇನು ಕೂಸಿನ ಕಾಲಿಗೆ ಕರೇದು?" ಎಂದರು ಅತ್ತೆ ದೇವಕ್ಕ.

"ದೃಷ್ಟಿ ತಾಗಬಾರದಂತ ಕಟ್ಟೀನ್ರಿ ಅತ್ತಿ."

"ಚಲೋ ಮಾಡಿದಿ. ಆದರ ಮಿಣಿಮಿಣಿ ಅಂತದಲ್ಲ?"

"ಮುಂಬೈ ದೃಷ್ಟಿ ಭಾಳ ಕೆಟ್ಟದ್ರೀ. ಕರೆಂಟಿಂದೇ ಬೇಕು."

ಅಂದಿನಿಂದ ಶರಣು ಮಲಗಿದೊಡನೆ ಬ್ಯಾಂಡು ಮಗಳ ಕಾಲಿಗೆ. ಅವನು ಏಳುವ ಮೊದಲು ಮತ್ತೆ ದಿಂಬಿನ ಪಕ್ಕಕ್ಕೆ. ಪಟ್ಟಿಯಲ್ಲಿ ಶರಣು ಸಹೋದ್ಯೋಗಿಗಳನ್ನು ಹಿಂದೆ ಹಾಕುತ್ತ ಹಾಕುತ್ತ ಎರಡನೆಯ ಸ್ಥಾನಕ್ಕೆ ಬಂದ. "ನಿಂತು ನಿಂತೇ ಮ್ಯಾಲೆ ಬಂದೆ ನೋಡು!" ಎಂದು ಅವನು ಮೀಸೆ ತಿರುವಿದರೆ, ಶಿವಕುಮಾರಿ ಮೊಸರಿನ ಪಾತ್ರೆಯಲ್ಲಿ ಮುಖ ಮರೆಸಿಕೊಂಡು ನಕ್ಕಳು.

ಅವಳಿಗೆ ಗೊತ್ತಿಲ್ಲದಿದ್ದ ಸಂಗತಿ ಒಂದೇ: ಆ ಬ್ಯಾಂಡು ಹೆಜ್ಜೆ ಎಣಿಸುವುದಷ್ಟೇ ಅಲ್ಲ, ಎದೆಬಡಿತವನ್ನೂ ಕೇಳಿಸಿಕೊಳ್ಳುತ್ತಿತ್ತು. ಎಳೆ ಮಕ್ಕಳ ಎದೆ ದೊಡ್ಡವರದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತದೆ. ಆ ಬಡಿತವೆಲ್ಲ ಕಾನ್‌ಸ್ಟೇಬಲ್ ಶರಣುವಿನ ಹೆಸರಿನಲ್ಲಿ ನೇರವಾಗಿ ಪೊಲೀಸ್ ಡಾಕ್ಟರರ ಕಂಪ್ಯೂಟರಿಗೆ ಹೋಗಿ ಕುಳಿತಿತ್ತು!

ಒಂದು ಬೆಳಿಗ್ಗೆ ಪೊಲೀಸ್ ಆಸ್ಪತ್ರೆಯಿಂದ ಜೀಪು ಬಂತು. ಶರಣುವನ್ನು ಇಬ್ಬರು ಹಿಡಿದು ನಿಧಾನವಾಗಿ ಹತ್ತಿಸಿದರು.

ಡಾಕ್ಟರು ಕೇಳಿದರಂತೆ, "ಹಗಲು ಹೊತ್ತು ಏನು ಮಾಡುತ್ತೀರಿ?"

"ಮಲಗಿರ್ತೀನಿ ಸರ್."

"ಮಲಗಿದವರ ಎದೆ ರೇಸಿನ ಕುದುರೆಯ ಹಾಗೆ ಓಡುತ್ತಿದೆ! ಕಾಲೂ ಓಡುತ್ತಿದೆ! ನಿಮಗೆ ನಿದ್ದೆಯಲ್ಲಿ ಓಡುವ ಕಾಯಿಲೆ ಇದೆ."

ಇಸಿಜಿ ತೆಗೆದರು. ಎಲ್ಲ ಸರಿಯಾಗಿತ್ತು. "ಅದೇ ನನ್ನ ಭಯ," ಎಂದರು ಡಾಕ್ಟರು. "ನೀವು ಎದ್ದಾಗ ಅದು ಮಲಗುತ್ತದೆ, ನೀವು ಮಲಗಿದಾಗ ಅದು ಏಳುತ್ತದೆ." ಬ್ಯಾಂಡನ್ನು ಪರೀಕ್ಷೆಗೆಂದು ಇಟ್ಟುಕೊಂಡು, ಹದಿನೈದು ದಿನ ಪೂರ್ತಿ ವಿಶ್ರಾಂತಿ ಎಂದು ಬರೆದುಕೊಟ್ಟರು.

ಹದಿನೈದು ದಿನ! ಗಣಪತಿ ಹಬ್ಬ ಪೂರಾ! ಕೇಳಿದ್ದು ಒಂದು ವಾರ, ದೇವರು ಕೊಟ್ಟದ್ದು ಎರಡು! ಶಿವಕುಮಾರಿ ಒಳಗೊಳಗೇ ಕುಣಿದಳು, ನಿಜ ಹೇಳುವ ಯೋಚನೆಯನ್ನು ಹಿಟ್ಟಿನ ಡಬ್ಬಿಯ ಹಿಂದೆ ತಳ್ಳಿದಳು.

ಆದರೆ ಮನೆಗೆ ಬಂದದ್ದು ಗಂಡನಲ್ಲ, ಗಂಡನ ಆಕಾರದ ಒಬ್ಬ ಸಂತ. ಮೆಲ್ಲಗೆ ಮಾತಾಡುತ್ತಿದ್ದ. ಉಪ್ಪಿಲ್ಲದ ರೊಟ್ಟಿಯನ್ನು ಪ್ರಸಾದದಂತೆ ತಿನ್ನುತ್ತಿದ್ದ. "ಕುಮಾರೀ, ಗ್ಯಾಸ್ ಬುಕ್ ಮಾಡೂ ನಂಬರ್ ನನ್ನ ಫೋನಿನ್ಯಾಗ ಅದ. ಮುಂದ ನಿನಗ ಬೇಕಾಗ್ತದ," ಎಂದು ಬಾಗಿಲಿನ ಕಡೆ ನೋಡುತ್ತ ನಿಟ್ಟುಸಿರುಬಿಟ್ಟ.

ದೇವಕ್ಕ ಮಗನ ಕಾಲನ್ನು ತಮ್ಮ ಹಳೇ ಇಳಕಲ್ ಸೀರೆಯಿಂದ ಮಂಚಕ್ಕೆ ಕಟ್ಟಿದರು, ನಿದ್ದೆಯಲ್ಲಿ ಓಡಿ ರೈಲ್ವೆ ಲೈನಿಗೆ ಹೋಗಿಬಿಟ್ಟರೆ! "ನಮ್ಮ ವಂಶದಾಗ ಇಂಥ ರೋಗ ಯಾರಿಗೂ ಇಲ್ಲವ್ವಾ," ಎಂದು ಸೊಸೆಯನ್ನು ನೋಡಿದರು. "ನಿಮ್ಮ ಕಡಿಂದೇ ಬಂದಿರಬೇಕು."

"ನಮ್ಮ ಕಡಿಂದ ಅವರಿಗೆ ಹ್ಯಾಂಗ್ ಬರ್ತದ್ರೀ ಅತ್ತಿ?"

"ಹತ್ತಿರ ಮಲಗಿದ್ರ ಬರ್ತದ."

ಇದನ್ನೂ ಅವಳು ನುಂಗಿಕೊಂಡಳು. ಆದರೆ ಮಾರನೆಯ ದಿನ ಶ್ರೇಯಾ ಮಂಚದ ಬಳಿ ಬಂದು, ಖಾಕಿಯಿಲ್ಲದ, ಬನಿಯನ್ನಿನ ಈ ಮನುಷ್ಯನನ್ನು ಬಹಳ ಹೊತ್ತು ನೋಡಿ, ಕೊನೆಗೆ ಎರಡೂ ಕೈ ಮೇಲೆತ್ತಿ "ಪಪ್ಪಾ" ಎಂದಳು. ಶರಣು ಕೈ ಚಾಚಿದ. ಅರ್ಧಕ್ಕೆ ನಿಲ್ಲಿಸಿದ.

"ಬ್ಯಾಡವ್ವಾ," ಎಂದ. "ಭಾರ ಎತ್ತಬಾರದು ಅಂದಾರ ಡಾಕ್ಟರು. ನಿನ್ನ ಎತ್ತಿಕೊಂಡಾಗೇ ಏನಾರ ಆದರ..."

ಮಗು ಕೈ ಮೇಲೆತ್ತಿಕೊಂಡೇ ನಿಂತಿತ್ತು. ನಡೆಯಲು ಕಲಿತ ಮೇಲೆ ಮೊದಲ ಬಾರಿಗೆ ಅದು ನಿಂತದ್ದು.

ಶಿವಕುಮಾರಿಗೆ ತಡೆಯಲಾಗಲಿಲ್ಲ. "ರೀ, ನಿಮಗ ಏನೂ ಆಗಿಲ್ಲ! ಬ್ಯಾಂಡ್ ಇಕಿ ಕಾಲಿಗೆ ನಾನೇ ಕಟ್ಟಿದ್ದೆ. ಅದು ಇಕಿ ಎದಿ, ಇಕಿ ಕಾಲು!"

ಶರಣು ಕರುಣೆಯಿಂದ ನಕ್ಕ. "ನನ್ನ ಸಮಾಧಾನಕ್ಕ ಎಷ್ಟು ಚಂದ ಸುಳ್ಳು ಕಟ್ಟೀದಿ ಕುಮಾರೀ. ಇಷ್ಟು ವರ್ಷ ಪೊಲೀಸ್ನ್ಯಾಗ ಅದೀನಿ. ತಪ್ಪೊಪ್ಪಿಗಿ ಯಾವುದು ಖರೇ, ಯಾವುದು ಖೊಟ್ಟಿ, ಮಾರಿ ನೋಡಿದ್ರ ಗೊತ್ತಾಗ್ತದ ನನಗ."

ಹೆಂಡತಿಯ ಮಾತು ನಂಬದ ಪೊಲೀಸ ಯಾರ ಮಾತು ನಂಬುತ್ತಾನೆ? ಠಾಣೆಯ ಸೀನಿಯರ್ ಇನ್‌ಸ್ಪೆಕ್ಟರ್ ಮೇಡಂ ಮಾತು ಮಾತ್ರ! ಶಿವಕುಮಾರಿ ದೇವರ ಫೋಟೋಗೆ ಕೈಮುಗಿದಳು, ನೀರು ಕುಡಿದಳು, ಇನ್ನೊಮ್ಮೆ ಕೈಮುಗಿದಳು, ಸ್ಪೀಕರ್ ಹಾಕಿ ಫೋನ್ ಮಾಡಿಯೇಬಿಟ್ಟಳು. ಮರಾಠಿಯಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದಳು: ಮಲಗಿದ್ದು ಗಂಡ, ಓಡಿದ್ದು ಮಗಳು, ಕಟ್ಟಿದ್ದು ತಾನು.

ಶಿವಕುಮಾರಿಗೆ ಗಂಡನ ನೌಕರಿ ಕಣ್ಣೆದುರಿಗೇ ನೀರಲ್ಲಿ ಮುಳುಗುವ ಗಣಪತಿಯಂತೆ ಕಂಡಿತು.

"ಮಗಳ ವಯಸ್ಸು?" ಎಂದರು ಮೇಡಂ.

"ಒಂದೂವರೆ ವರ್ಷ ಮೇಡಂ."

"ಶರಣುಗೆ ಏನೂ ಕಾಯಿಲೆ ಇಲ್ಲ ಅಂತ ಹೇಳಿ. ನಾಳೆ ಡ್ಯೂಟಿಗೆ ಬರಲಿ. ಗೇಟು ಅಲ್ಲೇ ಇದೆ."

ಮಾತು ಮುಗಿಯುವ ಮೊದಲೇ ಶರಣು ಎದ್ದಿದ್ದ. ಇಳಕಲ್ ಸೀರೆಯ ಗಂಟು ಪರ್ರೆಂದು ಹರಿಯಿತು. "ಅಯ್ಯ ನನ್ನ ಸೀರೀ!" ಎಂದು ದೇವಕ್ಕ ಕೂಗುತ್ತಿರುವಾಗಲೇ ಶ್ರೇಯಾ ಅಪ್ಪನ ಹೆಗಲೇರಿ, ಅವನ ಮೀಸೆ ಹಿಡಿದು, ಕೇಕೆ ಹಾಕುತ್ತಿದ್ದಳು. "ಉಪ್ಪು ಎಲ್ಲದ? ಮೊದಲು ಉಪ್ಪು ತಗೊಂಬಾ!" ಎಂದು ಶರಣು ಗುಡುಗಿದ.

ಇಲ್ಲಿಗೆ ಫೋನ್ ಇಡಬಹುದಿತ್ತು. ಆದರೆ ಸಾಲೆಯಲ್ಲಿ ಸೆಕೆಂಡ್ ಬಾರದವಳಿಗೆ ಒಂದು ಮಾತು ಒಳಗೇ ಕೊರೆಯುತ್ತಿತ್ತು.

"ಮೇಡಂ, ಸಿಟ್ಟಾಗಬೇಡಿ. ಮತ್ತೆ... ಫಸ್ಟ್ ನಂಬರ್ ಯಾರದು?"

ಮೇಡಂ ನಿಟ್ಟುಸಿರುಬಿಟ್ಟರು. "ಡಾಗ್ ಸ್ಕ್ವಾಡಿನ ಅಣವೀರಪ್ಪನದು. ಅವನೂ ಇವತ್ತೇ ಒಪ್ಪಿಕೊಂಡ. ಬ್ಯಾಂಡನ್ನು ನಾಯಿಗೆ ಕಟ್ಟಿದ್ದನಂತೆ."

ಶಿವಕುಮಾರಿಯ ಮುಖ ಅರಳಿತು. "ಹಾಗಾದರೆ ಆ ರಜೆ ಯಾರಿಗೂ ಇಲ್ಲ ಅಲ್ವಾ ಮೇಡಂ? ಯಾರಿಗಾದರೂ ಕೊಡಬೇಕಲ್ಲ..."

"ಕೊಟ್ಟಾಯಿತು, ನಾಯಿಗೆ. ನಿಮ್ಮ ಮಗಳ ಹಾಗಲ್ಲ ಅದು, ಇಲಾಖೆಯ ಸಿಬ್ಬಂದಿ. ಓಡಿದ್ದೂ ಡ್ಯೂಟಿಯಲ್ಲೇ, ಸ್ವಂತ ಕಾಲಿನಲ್ಲೇ. ನಿಯಮದಲ್ಲಿ ಕಾಲು ಎಷ್ಟಿರಬೇಕು ಅಂತ ಬರೆದಿರಲಿಲ್ಲ."

"ಒಂದು ವಾರ ರಜೆ ತಗೊಂಡು ನಾಯಿ ಏನು ಮಾಡ್ತದೆ ಮೇಡಂ?"

"ಮನೆಯಲ್ಲೇ ಇರುತ್ತದೆ," ಎಂದರು ಮೇಡಂ. "ಹೆಂಡತಿ, ಮರಿಗಳ ಜೊತೆ."